ಕೀಲಿಕೈ ಕೊಟ್ಟರೆ ಮುಗಿಯಿತೆ? ಸೂರಿನಡಿ ಒಮ್ಮೆ ಇಣುಕಿ ನೋಡಿ

ಮಾನ್ಯ ಸಂಪಾದಕರೇ,

ಕಡುಬಡವರಿಗೆ ಮನೆ ಕಟ್ಟಿಕೊಟ್ಟ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಚಿತ್ರ ಹೆಚ್ಚುಕಡಿಮೆ ಒಂದೇ: ಬಣ್ಣ ಇನ್ನೂ ಆರದ ಗೋಡೆ, ರಟ್ಟಿನಲ್ಲಿ ಕತ್ತರಿಸಿದ ದೊಡ್ಡ ಕೀಲಿಕೈ, ದಾನಿಗಳ ಸಾಲು, ನಡುವೆ ಸಂಕೋಚದಿಂದ ನಿಂತ ಮನೆಯವರು. ಶೀರ್ಷಿಕೆಯಲ್ಲೊಂದು ಸಂಖ್ಯೆ, ಇಷ್ಟು ಕುಟುಂಬಗಳಿಗೆ ಸೂರು ಎಂದು. ದಾನಿಗಳ ಉದ್ದೇಶದ ಬಗ್ಗೆ ನಮಗೆ ತಕರಾರಿಲ್ಲ. ತಕರಾರಿರುವುದು ಆ ಸಂಖ್ಯೆಯ ಬಗ್ಗೆ. ಇರುವ ಹಣದಲ್ಲಿ ಆದಷ್ಟು ಹೆಚ್ಚು ಮನೆ ಎಬ್ಬಿಸಬೇಕೆಂದು ಹೊರಟಾಗ ಮೊದಲು ಕತ್ತರಿ ಬೀಳುವುದು ಫೋಟೊದಲ್ಲಿ ಕಾಣದ ಭಾಗಗಳಿಗೆ: ಪಾಯದ ಆಳ, ಮೂಲೆಯೊಳಗಿನ ಕಂಬಿ, ಸೂರಿನಡಿಯ ತಗಡಿನ ಪಟ್ಟಿ, ಜಾಗದ ಕಾಗದಪತ್ರ, ಮೂರು ವರ್ಷದ ನಂತರದ ರಿಪೇರಿ. ಮನೆ ಬೀಳುವುದಾಗಲಿ, ಮನೆಯವರೇ ಅದನ್ನು ಬಿಟ್ಟುಹೋಗುವುದಾಗಲಿ ಬಹುಪಾಲು ಇವುಗಳಿಂದಲೇ. ಹತ್ತು ಮನೆಯ ಹಣದಲ್ಲಿ ಎಂಟನ್ನೇ ಕಟ್ಟಿ, ಉಳಿದದ್ದನ್ನು ಈ ಕಾಣದ ಕೆಲಸಕ್ಕೆ ಹಾಕಿ ಎಂದು ಹೇಳುವುದಕ್ಕಾಗಿ ಈ ಪತ್ರ.

ಮೊದಲನೆಯದು ಜಾಗ. ದಾನದ ಹಣದಲ್ಲಿ ಕೊಳ್ಳುವ ಜಾಗ ಸಾಮಾನ್ಯವಾಗಿ ಅಗ್ಗದ್ದು. ಅಗ್ಗವಾಗಿರುವುದಕ್ಕೆ ಕಾರಣವೂ ಇರುತ್ತದೆ. ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಇಲ್ಲವೇ ಇಳಿಜಾರು ಕುಸಿಯುತ್ತದೆ, ಎರಡೂ ಅಲ್ಲದಿದ್ದರೆ ಕೂಲಿ ಸಿಗುವ ಕಡೆಗೆ ಬಲು ದೂರ. ಅಹಮದಾಬಾದಿನಲ್ಲಿ 1987ರಲ್ಲಿ ಅಸಂಘಟಿತ ವಲಯದ ಮಹಿಳಾ ಕಾರ್ಮಿಕರಿಗೆ ನಗರದ ಅಂಚಿನಲ್ಲಿ ಲಾಟರಿ ಎತ್ತಿ ಮನೆ ಹಂಚಿದ್ದರು. 14 ವರ್ಷದ ಮೇಲೆ ಸಂಶೋಧಕರು ಹೋಗಿ ವಿಚಾರಿಸಿದಾಗ, ಚೀಟಿ ಗೆದ್ದವರಲ್ಲಿ ಶೇ 34ರಷ್ಟು ಮಂದಿ ಆ ಮನೆಗೆ ಕಾಲಿಟ್ಟೇ ಇರಲಿಲ್ಲ. ಇನ್ನೂ ಶೇ 32ರಷ್ಟು ಮಂದಿ ಕೆಲಕಾಲ ಇದ್ದು ಹೊರಟುಹೋಗಿದ್ದರು. ಮನೆ ಹಳೆಯದಕ್ಕಿಂತ ಚೆನ್ನಾಗಿಯೇ ಇತ್ತು. ಆದರೆ ಕಷ್ಟಕ್ಕೆ ಕೈಗಡ ಕೊಡುವವರು, ಮಗುವನ್ನು ಒಂದು ಗಳಿಗೆ ನೋಡಿಕೊಳ್ಳುವವರು ಹಳೆಯ ಕೇರಿಯಲ್ಲೇ ಉಳಿದಿದ್ದರು. ಈ ನಷ್ಟ ಯಾವ ಅಂದಾಜುಪಟ್ಟಿಯಲ್ಲೂ ಬರುವುದಿಲ್ಲ.

ಇದಕ್ಕೆ ತದ್ವಿರುದ್ಧ ದಾರಿ ಹಿಡಿದದ್ದು ಚಿಲಿಯ ಇಕಿಕೆ ನಗರದ ಕ್ವಿಂಟಾ ಮೊನ್ರಾಯ್ ಎಂಬ ವಸತಿ ಯೋಜನೆ. ಊರ ನಡುವಿನ ಜಾಗದಲ್ಲಿ ದಶಕಗಳಿಂದ ಗುಡಿಸಲು ಹಾಕಿಕೊಂಡಿದ್ದ ಸುಮಾರು ನೂರು ಕುಟುಂಬಗಳನ್ನು ಎಬ್ಬಿಸದೆ, 2004ರ ಹೊತ್ತಿಗೆ ಅಲ್ಲೇ ಮನೆ ಕಟ್ಟಿದರು. ಜಾಗ ದುಬಾರಿ, ಸಹಾಯಧನ ಕಡಿಮೆ, ಪೂರ್ತಿ ಮನೆಗೆ ಹಣ ಸಾಲದು. ಹಾಗಾಗಿ ಅರ್ಧ ಮನೆ ಕಟ್ಟಿದರು. ಆ ಅರ್ಧ ಯಾವುದು ಎಂಬುದರಲ್ಲಿ ಜಾಣತನವಿತ್ತು: ಮನೆಯವರು ತಾವಾಗಿ ಕಟ್ಟಿಕೊಳ್ಳಲು ಕಷ್ಟವಾದ ಚೌಕಟ್ಟು, ಮೆಟ್ಟಿಲು, ಅಡುಗೆಮನೆ, ಶೌಚಾಲಯಗಳನ್ನು ಕಟ್ಟಿ, ಸುಲಭದ ಭಾಗವನ್ನು ಖಾಲಿ ಬಿಟ್ಟರು. ಸುಮಾರು 36 ಚದರ ಮೀಟರಿನ ಮನೆ 70ರವರೆಗೆ ಬೆಳೆಯುವಂತೆ ಗೋಡೆಗಳ ನಡುವೆ ತೆರವಿತ್ತು. ಇದರ ವಾಸ್ತುಶಿಲ್ಪಿ ಅಲೆಹಾಂಡ್ರೊ ಅರವೇನಾ ಅವರಿಗೆ 2016ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಾಗ ಜಗತ್ತಿನ ಕಣ್ಣು ಮತ್ತೆ ಈ ಮನೆಗಳ ಮೇಲೆ ಬಿತ್ತು. ಹಣ ಸಾಲದಿದ್ದಾಗ ಇಡೀ ಮನೆಯನ್ನು ತೆಳುವಾಗಿ ಕಟ್ಟುವುದಕ್ಕಿಂತ ಅರ್ಧವನ್ನು ಗಟ್ಟಿಯಾಗಿ ಕಟ್ಟುವುದು ಮೇಲು.

ಜಾಗದ ಹಿಂದೆಯೇ ಬರುವುದು ಕಾಗದಪತ್ರ. ಹಕ್ಕುಪತ್ರವಿಲ್ಲದ ಜಾಗದಲ್ಲಿ ಒಳ್ಳೆಯ ಮನೆ ಕಟ್ಟಿದರೆ ಆ ಜಾಗದ ಬೆಲೆ ಏರುತ್ತದೆ, ಮನೆಯವರನ್ನು ಎಬ್ಬಿಸುವ ಆಸೆ ಮತ್ತೊಬ್ಬರಿಗೆ ಹುಟ್ಟುತ್ತದೆ. ದಾನವೇ ಮುಳುವಾಗುವುದೆಂದರೆ ಇದು. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕು 1984ರಲ್ಲಿ ಮನೆಸಾಲ ಶುರುಮಾಡಿದಾಗ, ಮನೆ ನಿಲ್ಲುವ ಜಾಗ ಸಾಲ ಪಡೆಯುವ ಹೆಂಗಸಿನ ಹೆಸರಿಗೆ ಬರಬೇಕು ಎಂಬ ಷರತ್ತು ಇಟ್ಟಿತು. ಗಂಡ ಬಿಟ್ಟರೂ ಮನೆ ಹೋಗುವುದಿಲ್ಲ, ಸೂರು ಮಕ್ಕಳ ತಲೆಯ ಮೇಲೇ ಇರುತ್ತದೆ. ಒಬ್ಬೊಬ್ಬರಿಗೂ ಪತ್ರ ಮಾಡಿಸುವುದು ಕಷ್ಟವಾದ ಕಡೆ ಥಾಯ್ಲೆಂಡಿನ ದಾರಿ ನೋಡಬಹುದು. ಅಲ್ಲಿ 2003ರಲ್ಲಿ ಆರಂಭವಾದ ಬಾನ್ ಮಂಕಾಂಗ್ ಯೋಜನೆಯಲ್ಲಿ ಇಡೀ ಕೇರಿಯೇ ಸಹಕಾರಿ ಸಂಘವಾಗಿ ಜಾಗವನ್ನು ಒಟ್ಟಿಗೆ ಕೊಳ್ಳುತ್ತದೆ ಅಥವಾ ಗುತ್ತಿಗೆಗೆ ಪಡೆಯುತ್ತದೆ, ಸಾಲವನ್ನೂ ಒಟ್ಟಿಗೇ ತೀರಿಸುತ್ತದೆ. ಯಾವ ದಾರಿಯಾದರೂ ಸರಿ, ಮೊದಲ ಗುದ್ದಲಿ ಬೀಳುವ ಮುನ್ನ ಪತ್ರ ಕೈಯಲ್ಲಿರಬೇಕು. ‘ಆಮೇಲೆ ಮಾಡಿಸೋಣ’ ಎಂದದ್ದು ಆಗುವುದು ಅಪರೂಪ.

ಇನ್ನು ಕಟ್ಟಡ. ನೆಲದಿಂದ ಶುರುಮಾಡೋಣ; ದಾನಿಗಳು ಕೊನೆಗೆ ಯೋಚಿಸುವುದು ನೆಲದ ಬಗ್ಗೆಯೇ. ಮಣ್ಣಿನ ನೆಲದಲ್ಲಿ ಹುಳುಗಳ ಮೊಟ್ಟೆ ಉಳಿದುಕೊಳ್ಳುತ್ತದೆ, ತೆವಳುವ ಮಗು ಕೈಯನ್ನು ಬಾಯಿಗಿಡುತ್ತದೆ, ಹೊಟ್ಟೆಯಲ್ಲಿ ಜಂತು, ಭೇದಿ, ರಕ್ತಹೀನತೆ ಒಂದರ ಹಿಂದೊಂದು ಬರುತ್ತವೆ. ಮೆಕ್ಸಿಕೊದ ಕೊವಾವಿಲಾ ರಾಜ್ಯ 2000ದಲ್ಲಿ ‘ಪಿಸೊ ಫಿರ್ಮೆ’ ಎಂಬ ಯೋಜನೆ ತಂದು ಬಡವರ ಮನೆಗಳಿಗೆ ತಲಾ 50 ಚದರ ಮೀಟರಿನವರೆಗೆ ಕಾಂಕ್ರೀಟ್ ಕೊಟ್ಟಿತು. ಕಾಂಕ್ರೀಟ್ ಲಾರಿ ಬಾಗಿಲಿಗೆ ಬರುತ್ತಿತ್ತು. ಸಾಮಾನು ಹೊರಗಿಟ್ಟು, ನೆಲ ಸಮ ಮಾಡಿ, ಹರಡುವ ಕೆಲಸ ಮನೆಯವರದು. ಮಣ್ಣಿನ ನೆಲ ಪೂರ್ತಿ ಹೋಗಿ ಕಾಂಕ್ರೀಟ್ ಬಂದ ಮನೆಗಳ ಮಕ್ಕಳಲ್ಲಿ ಜಂತುಬಾಧೆ ಶೇ 78ರಷ್ಟು, ಭೇದಿ ಶೇ 49ರಷ್ಟು, ರಕ್ತಹೀನತೆ ಶೇ 81ರಷ್ಟು ಕಡಿಮೆಯಾದದ್ದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂತು. ಗೋಡೆ ಮುಟ್ಟದೆ, ಚಾವಣಿ ಬದಲಿಸದೆ, ಬರೀ ನೆಲದಿಂದ ಇಷ್ಟು. ಹಣ ತೀರಾ ಕಡಿಮೆಯಿದ್ದರೆ ಹೊಸ ಮನೆಯ ಯೋಚನೆ ಬಿಟ್ಟು ಇರುವ ಮನೆಗಳ ನೆಲ ಮಾಡಿಸಿ ಎಂದು ನಾವು ಹೇಳುವುದು ಇದಕ್ಕೇ.

ನೆಲ ಹಾಳಾಗುವುದು ಅಡಿಯಿಂದ. ತುಂಬುಮಣ್ಣನ್ನು ಒಂದೇ ಸಲ ಸುರಿದು ಮೇಲೆ ಕಾಂಕ್ರೀಟ್ ಹಾಕಿದರೆ ಮೊದಲ ಮಳೆಗಾಲಕ್ಕೆ ಮಣ್ಣು ಕುಸಿದು, ನೆಲ ಪೊಳ್ಳಾಗಿ, ನಡುವೆ ಬಿರುಕು ಬಿಡುತ್ತದೆ. 15 ಸೆಂ.ಮೀ. ಒಂದು ಪದರದಂತೆ ನೀರು ಚಿಮುಕಿಸಿ ದಮ್ಮಸ್ಸು ಹೊಡೆಯಬೇಕು. ನೆಲಮಟ್ಟ ಸುತ್ತಲಿನ ಭೂಮಿಗಿಂತ ಕನಿಷ್ಠ 45 ಸೆಂ.ಮೀ. ಮೇಲಿರಲಿ, ನೆರೆ ಬಂದ ಗುರುತು ಇದ್ದರೆ ಅದಕ್ಕಿಂತ ಮೇಲಿರಲಿ. ಆ ಗುರುತನ್ನು ತೋರಿಸಬಲ್ಲವರು ಅಲ್ಲಿಯ ಹಿರಿಯರು, ನಕ್ಷೆಯಲ್ಲ. ಗೋಡೆಯ ಬುಡದ ಸುತ್ತ ಹೊರಕ್ಕೆ ಇಳಿಜಾರಾದ ಸಿಮೆಂಟಿನ ಪಟ್ಟಿ ಬೇಕು, ಸೂರಿನ ಹನಿ ಅದರ ಮೇಲೆ ಬೀಳಬೇಕು. ಇದನ್ನು ಬಿಟ್ಟ ಮನೆಗಳಲ್ಲಿ ಸೂರಿನ ನೀರೇ ಪಾಯದ ಪಕ್ಕ ಕಾಲುವೆ ತೋಡುತ್ತದೆ.

ಮಣ್ಣಿನ ಗೋಡೆ ಕಂಡರೆ ಮೂಗು ಮುರಿಯುವ ಅಗತ್ಯವಿಲ್ಲ. ಸರಿಯಾದ ಮಣ್ಣಿಗೆ ಶೇ 5ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಮೂರು ವಾರ ತೇವ ಆರದಂತೆ ಇಟ್ಟ ಇಟ್ಟಿಗೆ ಚಿಕ್ಕ ಮನೆಯ ಭಾರ ಹೊರುತ್ತದೆ. ಬರೀ ಹಸಿಮಣ್ಣಿನ ಗೋಡೆಯಾದರೆ ಭಯ ಬಿರುಕಿನದು. ಲ್ಯಾಟಿನ್ ಅಮೆರಿಕದಲ್ಲಿ ಹೃದಯವನ್ನು ಕೆಡಿಸುವ ಚಾಗಸ್ ಕಾಯಿಲೆ ಹರಡುವ ತಿಗಣೆಜಾತಿಯ ಕೀಟ ಹಗಲೆಲ್ಲ ಇಂಥ ಬಿರುಕಿನಲ್ಲೂ ಹುಲ್ಲಿನ ಚಾವಣಿಯಲ್ಲೂ ಅಡಗಿದ್ದು ರಾತ್ರಿ ಮಲಗಿದವರನ್ನು ಕಚ್ಚುತ್ತದೆ. ಬಿರುಕು ಮುಚ್ಚಿ ನುಣ್ಣಗೆ ಗಿಲಾವು ಮಾಡುವುದು ಅಲ್ಲಿ ಅಂದದ ಕೆಲಸವಲ್ಲ, ಹೃದಯ ಉಳಿಸುವ ಕೆಲಸ.

ಸಿಮೆಂಟಿನ ಮನೆ ತಾನಾಗಿಯೇ ಭದ್ರ ಎನ್ನುವ ನಂಬಿಕೆ ಇನ್ನೂ ಅಪಾಯಕಾರಿ. 2010ರ ಜನವರಿ 12ರಂದು ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪವಾಯಿತು. ಸತ್ತವರು ಲಕ್ಷಕ್ಕೂ ಮೇಲೆ. ಮರುತಿಂಗಳು ಚಿಲಿಯಲ್ಲಿ 8.8ರ ಭೂಕಂಪ, ಶಕ್ತಿಯಲ್ಲಿ ಹೈಟಿಯದಕ್ಕಿಂತ ಸುಮಾರು 500 ಪಟ್ಟು. ಸತ್ತವರು ನೂರುಗಳ ಲೆಕ್ಕದಲ್ಲಿ. ಕಂಪನದ ಕೇಂದ್ರ ನಗರಕ್ಕೆ ಎಷ್ಟು ಹತ್ತಿರವಿತ್ತು ಎಂಬುದೂ ಇದಕ್ಕೊಂದು ಕಾರಣ, ನಿಜ. ಆದರೆ ಹೈಟಿಯಲ್ಲಿ ಜನರ ಮೇಲೆ ಬಿದ್ದದ್ದು ಗುಡಿಸಲಲ್ಲ, ಪುಡಿಪುಡಿಯಾಗುವ ಸಿಮೆಂಟ್ ಬ್ಲಾಕು ಮತ್ತು ಭಾರದ ಸ್ಲ್ಯಾಬು. ಒಂದು ಮೂಟೆ ಸಿಮೆಂಟಿನಲ್ಲಿ ಆದಷ್ಟು ಹೆಚ್ಚು ಬ್ಲಾಕು ತೆಗೆದು, ಅಂದೇ ಬಿಸಿಲಿಗೆ ಒಣಗಲು ಬಿಟ್ಟರೆ ಸಿಗುವುದು ಅಂಥದ್ದೇ. ಖರೀದಿಗೆ ಮುಂಚೆ ರಾಶಿಯಿಂದ ನಾಲ್ಕೈದು ಬ್ಲಾಕು ತೆಗೆದು ಭುಜದ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ಮೂಲೆ ಸೀಳಿದರೆ ಚಿಂತೆಯಿಲ್ಲ. ಬಿದ್ದದ್ದು ಪುಡಿಯಾದರೆ ಇಡೀ ಲೋಡು ವಾಪಸು ಕಳಿಸಿ. ಕಾಂಕ್ರೀಟಿಗೂ ಒಂದು ಮಾತು: 50 ಕೆ.ಜಿ. ಮೂಟೆಗೆ 25 ಲೀಟರ್ ಆಸುಪಾಸು ನೀರು ಸಾಕು, ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಕೆಲಸ ಸರಾಗವಾಗಲಿ ಎಂದು ಸುರಿಯುವ ಮತ್ತೊಂದು ಬಕೆಟ್ ನೀರು ಸಿಮೆಂಟ್ ಕದ್ದಷ್ಟೇ ನಷ್ಟ ಮಾಡುತ್ತದೆ. ಹಾಕಿದ ಮೇಲೆ ಏಳು ದಿನ ನೀರುಣಿಸಬೇಕು. ನೀರನ್ನು ಕೊಡದಲ್ಲಿ ಹೊತ್ತು ತರುವ ಜಾಗದಲ್ಲಿ ಇದು ಆಗುವುದಿಲ್ಲ. ಹಾಗಾಗಿ ಕ್ಯೂರಿಂಗಿನ ನೀರಿಗೆ ಅಂದಾಜುಪಟ್ಟಿಯಲ್ಲೇ ಹಣ ಬರೆದಿಡಬೇಕು.

ಭೂಕಂಪದ ಪ್ರದೇಶದಲ್ಲಿ ಚಿಕ್ಕ ಮನೆಗೆ ನಾವು ಸೂಚಿಸುವುದು ಗೋಡೆಯನ್ನು ಮೊದಲು ಎಬ್ಬಿಸಿ, ಅಂಚಿನಲ್ಲಿ ಹಲ್ಲುಹಲ್ಲಾಗಿ ಬಿಟ್ಟ ಸಂದಿಗೆ ಆಮೇಲೆ ಕಂಬದ ಕಾಂಕ್ರೀಟ್ ಸುರಿಯುವ ವಿಧಾನ. ಕಂಬ ಮೊದಲು ನಿಲ್ಲಿಸಿ ನಡುವೆ ಗೋಡೆ ತುಂಬಿದರೆ ಎರಡರ ನಡುವೆ ಸಂದು ಉಳಿದು, ಅಲುಗಾಡಿದಾಗ ಗೋಡೆ ಬೇರೆಯಾಗಿ ಉರುಳುತ್ತದೆ. ಹಲ್ಲಿನೊಳಗೆ ಕಾಂಕ್ರೀಟ್ ಇಳಿದರೆ ಎರಡೂ ಒಂದೇ ಆಗುತ್ತವೆ. ಒಂದೊಂದು ಕಂಬಕ್ಕೆ 10 ಮಿ.ಮೀ.ನ ನಾಲ್ಕು ಕಂಬಿ, ಅವುಗಳನ್ನು ಸುತ್ತಿ ಹಿಡಿಯುವ 6 ಮಿ.ಮೀ.ನ ರಿಂಗು 20 ಸೆಂ.ಮೀ.ಗೊಂದು, ಕಂಬದ ತಲೆ–ಬುಡದಲ್ಲಿ 10 ಸೆಂ.ಮೀ.ಗೊಂದು. ರಿಂಗಿನ ತುದಿ ಬರೀ ಲಂಬಕೋನದಲ್ಲಿ ಮಡಿಸಿದರೆ ಸಾಲದು, ಒಳಕ್ಕೆ, ಕಾಂಕ್ರೀಟಿನ ಹೊಟ್ಟೆಯತ್ತ ತಿರುಗಿರಬೇಕು. ಮೇಸ್ತ್ರಿಗಳು ಸಾಮಾನ್ಯವಾಗಿ ಎಡವುವುದು ಮೂಲೆಯಲ್ಲಿ: ಬೆಲ್ಟಿನ, ಅಂದರೆ ಗೋಡೆಗಳ ಮೇಲೆ ಸುತ್ತಲೂ ಹಾಯುವ ಕಾಂಕ್ರೀಟ್ ಪಟ್ಟಿಯ ಕಂಬಿ ಮೂಲೆಯವರೆಗೆ ಬಂದು ಅಲ್ಲೇ ನಿಂತಿರುತ್ತದೆ. ಅದು ತಿರುಗಿ ಪಕ್ಕದ ಗೋಡೆಯ ಬೆಲ್ಟಿನೊಳಗೆ ಕನಿಷ್ಠ ಅರ್ಧ ಮೀಟರು ಹೋಗಬೇಕು. ಕಾಂಕ್ರೀಟ್ ಬಿದ್ದ ಮೇಲೆ ಇದು ಯಾರಿಗೂ ಕಾಣದು. ಸುರಿಯುವ ಮುನ್ನ ನಾಲ್ಕೂ ಮೂಲೆಯ ಫೋಟೊ ಬರದೆ ಮುಂದಿನ ಕಂತು ಬಿಡುವುದಿಲ್ಲ ಎಂದು ದಾನಿಗಳು ಹೇಳಬಹುದಲ್ಲ!

ಚಾವಣಿಯ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇವೆ, ಏಕೆಂದರೆ ಬಿರುಗಾಳಿಯಲ್ಲಿ ಮೊದಲು ಹೋಗುವುದು ಅದೇ. ಗಾಳಿ ಚಾವಣಿಯನ್ನು ಒತ್ತಿ ಬೀಳಿಸುತ್ತದೆ ಎಂದು ಹೆಚ್ಚಿನವರ ಊಹೆ. ಆಗುವುದು ಅದಲ್ಲ: ಮೇಲಿಂದ ಹರಿಯುವ ಗಾಳಿ ಶೀಟನ್ನು ಮೇಲಕ್ಕೆ ಹೀರುತ್ತದೆ, ಮುರಿದ ಕಿಟಕಿಯಿಂದ ಒಳನುಗ್ಗಿದ ಗಾಳಿ ಕೆಳಗಿನಿಂದ ಒದೆಯುತ್ತದೆ. ಶೀಟಿನ ಮೇಲೆ ಕಲ್ಲು ಹೇರಿದರೆ ಸಣ್ಣ ಗಾಳಿಗೆ ಸರಿ, ದೊಡ್ಡ ಗಾಳಿಗೆ ಆ ಕಲ್ಲೇ ಹಾರುತ್ತದೆ. ಬೇಕಾದದ್ದು ಮೇಲಿಂದ ಕೆಳಗಿನವರೆಗೆ ಕೊಂಡಿ ಕಳಚದ ಸರಪಳಿ: ಶೀಟು ಅದರಡಿಯ ಅಡ್ಡಪಟ್ಟಿಯಾದ ರೀಪಿಗೆ, ರೀಪು ಇಳಿಜಾರಾಗಿ ಇಟ್ಟ ಮರವಾದ ಜಂತೆಗೆ, ಜಂತೆ ಗೋಡೆಯ ಮೇಲಿನ ತೊಲೆಗೆ, ತೊಲೆ ಕಂಬಕ್ಕೆ, ಕಂಬ ಪಾಯಕ್ಕೆ. ಒಂದು ಕೊಂಡಿ ದುರ್ಬಲವಾದರೆ ಉಳಿದವುಗಳ ಮೇಲೆ ಸುರಿದ ಹಣವೆಲ್ಲ ಗಾಳಿಗೆ. 2013ರ ನವೆಂಬರ್‌ನಲ್ಲಿ ಹೈಯಾನ್ ಚಂಡಮಾರುತ ಫಿಲಿಪ್ಪೀನ್ಸನ್ನು ಹೊಡೆದ ನಂತರ ನೆರವಿನ ಸಂಸ್ಥೆಗಳು ಸೇರಿ ಎಂಟೇ ಎಂಟು ಸೂಚನೆಗಳ ಚಿತ್ರಪಟ ಮಾಡಿ ಹಂಚಿದವು. ಅದರಲ್ಲೂ ಇದ್ದದ್ದು ಇದೇ ಮಾತು, ಬುಡದಿಂದ ಮೇಲಿನವರೆಗೆ ಕಟ್ಟಿಹಾಕಿ ಎಂದು.

ಸರಪಳಿ ಹರಿಯುವುದು ಹೆಚ್ಚಾಗಿ ಜಂತೆ ತೊಲೆಗೆ ಕೂರುವ ಜಾಗದಲ್ಲಿ. ಅಲ್ಲಿ ಓರೆಯಾಗಿ ಎರಡು ಮೊಳೆ ಹೊಡೆದಿರುತ್ತಾರೆ. ಜಂತೆ ಮೇಲಕ್ಕೆ ಎಳೆದಾಗ ನುಣುಪಾದ ಮೊಳೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತದೆ. ಸತು ಲೇಪಿಸಿದ ತಗಡಿನ ಪಟ್ಟಿಯೊಂದನ್ನು ಜಂತೆಯ ಬೆನ್ನ ಮೇಲಿಂದ ಹಾಯಿಸಿ, ಎರಡೂ ಬದಿಗೆ ಇಳಿಸಿ, ತೊಲೆಯ ಪಕ್ಕಕ್ಕೆ ಮೊಳೆ ಹೊಡೆದರೆ ಕತೆಯೇ ಬೇರೆ: ಈಗ ಮೊಳೆ ಕಿತ್ತುಬರಲಾರದು, ಅದನ್ನು ಅಡ್ಡಕ್ಕೆ ಕತ್ತರಿಸಿಯೇ ಗಾಳಿ ಜಂತೆಯನ್ನು ಒಯ್ಯಬೇಕು. ಇಡೀ ಮನೆಯ ಖರ್ಚಿನಲ್ಲಿ ಈ ಪಟ್ಟಿಯ ಪಾಲು ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಶೀಟಿನ ಸ್ಕ್ರೂ ಉಬ್ಬಿನ ಮೇಲೆ ಕೂರಬೇಕು, ತಗ್ಗಿನಲ್ಲಿ ಹಾಕಿದರೆ ನೀರು ಅಲ್ಲೇ ಇಳಿಯುತ್ತದೆ. ರಬ್ಬರ್ ವಾಷರ್ ಅಮುಕಿ ಚಪ್ಪಟೆಯಾಗುವಷ್ಟು ಬಿಗಿದರೆ ಅದು ಬೇಗ ಸೀಳುತ್ತದೆ. ಸಡಿಲ ಬಿಟ್ಟರೆ ಶೀಟು ಪಟಪಟ ಬಡಿದು ತೂತು ಹಿಗ್ಗುತ್ತದೆ. ಸೂರಿನಂಚು, ಪಕ್ಕದಂಚು, ನೆತ್ತಿ ಈ ಮೂರು ಕಡೆ ಸ್ಕ್ರೂ ಒತ್ತೊತ್ತಾಗಿರಲಿ. ಇಳಿಜಾರು 30 ಡಿಗ್ರಿ ಆಸುಪಾಸು ಇದ್ದರೆ ಹೀರುವಿಕೆ ತಗ್ಗುತ್ತದೆ, ಸೂರಿನ ಚಾಚು 45 ಸೆಂ.ಮೀ. ಮೀರದಿರಲಿ. ಜಗಲಿಯ ಚಾವಣಿ ಬೇರೆಯೇ ಇರಲಿ. ಅದು ಹಾರಿಹೋದರೂ ಮನೆಯದನ್ನು ಜೊತೆಗೆ ಎಳೆದೊಯ್ಯುವುದಿಲ್ಲ.

ಒಳಗಿನ ಮಾತು ಬೇಗ ಹೇಳುತ್ತೇವೆ. ವಿಪತ್ತಿನ ನೆರವಿಗೆ ಜಗತ್ತಿನಾದ್ಯಂತ ಬಳಸುವ ಸ್ಫಿಯರ್ ಮಾನದಂಡ ಒಬ್ಬರಿಗೆ 3.5 ಚದರ ಮೀಟರು ಜಾಗ ಇರಲೇಬೇಕು ಎನ್ನುತ್ತದೆ, ಸೆಕೆಯ ಪ್ರದೇಶದಲ್ಲಿ ಚಾವಣಿ 2.6 ಮೀಟರು ಎತ್ತರ. ಇದು ಕನಿಷ್ಠ, ಇದನ್ನೇ ಗುರಿ ಮಾಡಿಕೊಂಡು ಕಾಯಂ ಮನೆ ಕಟ್ಟುವವರನ್ನು ಕಂಡರೆ ನಮಗೆ ಬೇಸರ. ಒಲೆಯ ಹೊಗೆಗೆ ದಾರಿ ಬಿಡದ ಮನೆಯನ್ನು ಸುರಕ್ಷಿತ ಎನ್ನಲಾಗದು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಶೌಚಗುಂಡಿ ಬಾವಿಯಿಂದ 30 ಮೀಟರು ದೂರ, ಗುಂಡಿಯ ತಳ ಅಂತರ್ಜಲಕ್ಕಿಂತ ಒಂದೂವರೆ ಮೀಟರು ಮೇಲೆ. ಎರಡು ಗುಂಡಿಯಿದ್ದರೆ ತುಂಬಿದ್ದನ್ನು ಎರಡು ವರ್ಷ ಮುಚ್ಚಿಟ್ಟು ಆಮೇಲೆ ಗೊಬ್ಬರವಾಗಿ ತೆಗೆಯಬಹುದು. ಒಂದೇ ಇದ್ದರೆ ಹಸಿಯಾಗಿ ತೆಗೆಯುವ ಪಾಡು ಯಾರ ತಲೆಗೆ ಬರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಕರಾಚಿಯ ಒರಂಗಿಯಲ್ಲಿ 1980ರಲ್ಲಿ ಅಖ್ತರ್ ಹಮೀದ್ ಖಾನ್ ಅವರು ಆರಂಭಿಸಿದ ಕೆಲಸದಲ್ಲಿ 20–30 ಮನೆಗಳ ಒಂದೊಂದು ಓಣಿ ತನ್ನ ಒಳಚರಂಡಿಯನ್ನು ತಾನೇ ಹಣ ಹಾಕಿ ತೋಡಿಕೊಂಡಿತು. ಅವರ ಸಂಸ್ಥೆ ಕೊಟ್ಟದ್ದು ಅಳತೆ, ನಕ್ಷೆ, ಉಪಕರಣ. ಇಳಿಜಾರಿನ ಲೆಕ್ಕ ತಪ್ಪಿದ್ದರೆ ಚರಂಡಿ ಹಿಮ್ಮುಖವಾಗಿ ಹರಿಯುತ್ತಿತ್ತು. ದುಡ್ಡಿಗಿಂತ ಮೊದಲು ಬೇಕಾದದ್ದು ಈ ತಿಳಿವಳಿಕೆ.

ಸ್ವಯಂಸೇವಕರ ಬಗ್ಗೆಯೂ ಹೇಳಲೇಬೇಕು. 1997ರಲ್ಲಿ ಚಿಲಿಯಲ್ಲಿ ಹುಟ್ಟಿದ ಟೆಚೊ ಸಂಸ್ಥೆಯ ಯುವಕ ಯುವತಿಯರು ಮನೆಯವರ ಜೊತೆ ಸೇರಿ ಎರಡು ದಿನದ ಆಸುಪಾಸಿನಲ್ಲಿ 18 ಚದರ ಮೀಟರಿನ ಮನೆ ಎಬ್ಬಿಸುತ್ತಾರೆ. 15 ಗೂಟಗಳ ಮೇಲೆ ನೆಲದಿಂದ ಎತ್ತಿದ ಮನೆ, ಅಡುಗೆಮನೆಯಿಲ್ಲ, ಶೌಚವಿಲ್ಲ. ಅದು ತಾತ್ಕಾಲಿಕ ಎಂದು ಬಾಯಿಬಿಟ್ಟು ಹೇಳುತ್ತಾರೆ, ವಿನ್ಯಾಸವನ್ನೂ ಪಳಗದ ಕೈಗೆ ತಕ್ಕಂತೆ ಮಾಡಿದ್ದಾರೆ. ಆ ಪ್ರಾಮಾಣಿಕತೆ ನಮಗೆ ಮೆಚ್ಚುಗೆ. ಇಟ್ಟಿಗೆ–ಕಾಂಕ್ರೀಟಿನ ಕಾಯಂ ಮನೆಗೆ ಇದೇ ಬಗೆಯ ವಾರಾಂತ್ಯದ ಉತ್ಸಾಹ ಒಗ್ಗುವುದಿಲ್ಲ. ಅಲ್ಲಿ ಸ್ವಯಂಸೇವಕರು ಮಣ್ಣು ಹೊರಲಿ, ಬಣ್ಣ ಬಳಿಯಲಿ. ಕಂಬಿ ಕಟ್ಟುವುದು, ತೂಗುಗುಂಡು ಹಿಡಿದು ಗೋಡೆ ನೆಟ್ಟಗಿದೆಯೇ ನೋಡುವುದು ಪಳಗಿದ ಕೈಗಿರಲಿ. 1976ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಮಿಲ್ಲರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ ಕಟ್ಟಿದ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿಯಿಂದ ಬಂದ ಪದ್ಧತಿ, ಮನೆ ಪಡೆಯುವವರೂ ಕಟ್ಟುವ ಕೆಲಸದಲ್ಲಿ ಇಷ್ಟು ಗಂಟೆ ಕೈಹಾಕಬೇಕು ಎಂಬುದು. ಗಾರೆ ಕಲಸಿದವರಿಗೆ ಬಿರುಕು ಮುಚ್ಚುವುದೂ ಬರುತ್ತದೆ, ಆ ಮಟ್ಟಿಗೆ ಒಳ್ಳೆಯದು. ಆದರೆ ದಿನಗೂಲಿಯಲ್ಲೇ ಉಣ್ಣುವ ಮನೆಗೆ ಒಂದು ದಿನದ ಉಚಿತ ದುಡಿಮೆ ಎಂದರೆ ಒಂದು ದಿನದ ಉಪವಾಸ. ಕಡುಬಡವರಿಗಾದರೆ ಆ ಗಂಟೆಗಳಿಗೆ ಕೂಲಿ ಕೊಡಿ, ಇಲ್ಲವೇ ಆ ಷರತ್ತನ್ನು ಬಿಡಿ.

ಕೊನೆಯದಾಗಿ ರಿಪೇರಿ. ಲಂಡನ್ನಿನಲ್ಲಿ 1865ರಲ್ಲಿ ಒಕ್ಟೇವಿಯಾ ಹಿಲ್ ಅವರು ಪಾಳುಬಿದ್ದ ಮನೆಗಳನ್ನು ಸರಿಪಡಿಸಿ ಬಡವರಿಗೆ ಬಾಡಿಗೆಗೆ ಕೊಡಲು ಆರಂಭಿಸಿದಾಗ ರಿಪೇರಿಗೆಂದು ಹಣ ಎತ್ತಿಡುತ್ತಿದ್ದರು. ಅದರಲ್ಲಿ ಉಳಿದದ್ದು ಬಾಡಿಗೆದಾರರೇ ಕೇಳಿದ ಸುಧಾರಣೆಗೆ ಹೋಗುತ್ತಿತ್ತು. ವಾರವಾರವೂ ಬಾಡಿಗೆಗೆ ಹೋದಾಗ ಮನೆ ಹೇಗಿದೆಯೆಂದೂ ನೋಡಿಬರುತ್ತಿದ್ದರು. ಒಂದೂವರೆ ಶತಮಾನ ಕಳೆದರೂ ಇಷ್ಟನ್ನು ಮಾಡದ ಯೋಜನೆಗಳೇ ಹೆಚ್ಚು. ಹಸ್ತಾಂತರದ ದಿನ ಯೋಜನೆ ಮುಕ್ತಾಯ ಎಂದು ಬರೆದರೆ, ಮೊದಲ ಮಳೆಗಾಲದಲ್ಲಿ ಸೋರಿದ ಒಂದು ಸ್ಕ್ರೂ ಮೂರನೆಯ ಮಳೆಗಾಲದ ಹೊತ್ತಿಗೆ ಕೊಳೆತ ರೀಪಾಗಿರುತ್ತದೆ. ಪ್ರತಿ ಮನೆಯ ಲೆಕ್ಕದಲ್ಲೂ ಮೊದಲ ಮಳೆಗಾಲದ ನಂತರ ಒಂದು, ಮೂರನೆಯದರ ನಂತರ ಇನ್ನೊಂದು ಭೇಟಿಗೆ ಮೇಸ್ತ್ರಿಯ ಕೂಲಿ ತೆಗೆದಿಡಿ. ಕೀಲಿಕೈ ಜೊತೆ ಒಂದು ಬಟ್ಟೆಚೀಲವನ್ನೂ ಕೊಡಿ: ಇಪ್ಪತ್ತು ಸ್ಕ್ರೂ, ಅಷ್ಟೇ ರಬ್ಬರ್ ವಾಷರ್, ಸ್ಕ್ರೂ ತಿರುಗಿಸುವ ಸ್ಪ್ಯಾನರ್, ಒಂದು ಮಾರು ತಗಡಿನ ಪಟ್ಟಿ, ಹಿಡಿಯಷ್ಟು ಮೊಳೆ. ರಟ್ಟಿನ ಕೀಲಿಕೈ ಬದಲು ಆ ಚೀಲ ಹಿಡಿದ ಫೋಟೊ ಕಳಿಸಿದರೆ ತಾವೂ ಅದನ್ನೇ ಅಚ್ಚು ಹಾಕಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಬಡವರ ಗೃಹನಿರ್ಮಾಣದ ಕೆಲಸದಲ್ಲಿರುವ ಎಂಜಿನಿಯರುಗಳು ಹಾಗೂ ಮೇಸ್ತ್ರಿಗಳು